ಕ್ಯಾಪ್ಯುಲೆಟನ ಅನುಮತಿ: ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ತಂದೆಯ ವಾತ್ಸಲ್ಯವೂ ಅಧಿಕಾರವೂ

೧

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ಎಂಬ ರುದ್ರನಾಟಕವು ಎರಡು ಮನೆತನಗಳ ಹಗೆತನಕ್ಕೆ ಬಲಿಯಾದ ತರುಣ ಪ್ರೇಮಿಗಳ ಕಥೆಯೆಂದು ಲೋಕದಲ್ಲಿ ಪ್ರಸಿದ್ಧವಾಗಿದೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣಸತ್ಯವೂ ಅಲ್ಲ. ಮೂರನೆಯ ಅಂಕದಲ್ಲಿ ಟಿಬಾಲ್ಟನು ಹತನಾಗಿ, ರೋಮಿಯೋ ವೆರೋನಾ ನಗರದಿಂದ ಬಹಿಷ್ಕೃತನಾದ ಮೇಲೂ ಪ್ರೇಮಿಗಳಿಗೆ ಒಂದು ದಾರಿ ಉಳಿದಿತ್ತು. ರೋಮಿಯೋ ಕೆಲವು ಕಾಲ ಮಾಂಟುವಾ ನಗರದಲ್ಲಿರಬೇಕು. ಅನುಕೂಲ ಸಮಯವನ್ನು ನೋಡಿ ಗುಪ್ತವಿವಾಹವನ್ನು ಪ್ರಕಟಪಡಿಸಿ, ಬಂಧುಗಳನ್ನು ಸಮಾಧಾನಗೊಳಿಸಿ, ಪ್ರಭುವಿನ ಕ್ಷಮೆಯನ್ನು ಪಡೆದು ಅವನನ್ನು ಹಿಂದಕ್ಕೆ ಕರೆಸಬೇಕು: ಇದು ಲಾರೆನ್ಸ್ ಸಂನ್ಯಾಸಿಯ ಆಲೋಚನೆ. ಇದಕ್ಕೆ ಬೇಕಾಗಿದ್ದುದು ಕಾಲಾವಕಾಶವೊಂದೇ. ಆ ಅವಕಾಶವನ್ನು ಕಿತ್ತುಕೊಂಡದ್ದು ಮಗಳ ಮದುವೆಯನ್ನು ಮೂರು ದಿನಗಳೊಳಗೆ ನಡೆಯಿಸಬೇಕೆಂಬ ತಂದೆಯ ತೀರ್ಮಾನ. ನಾಟಕದ ಉತ್ತರಾರ್ಧವನ್ನು ದುರಂತದತ್ತ ಸಾಗಿಸುವ ಬಲವು ಕ್ಯಾಪ್ಯುಲೆಟನ ಮನೆಯೊಳಗೇ ಇದೆ.

ಈ ತಂದೆಯ ನಡತೆಯಲ್ಲಿ ವಾಚಕರಿಗೆ ಒಂದು ತೊಡಕು ಕಾಣಬರುತ್ತದೆ. ಮೊದಲನೆಯ ಅಂಕದ ಎರಡನೆಯ ದೃಶ್ಯದಲ್ಲಿ ಅವನು ಮಗಳ ಒಪ್ಪಿಗೆಯೇ ಮುಖ್ಯವೆಂದೂ, ತನ್ನ ಇಚ್ಛೆ ಅದರಲ್ಲಿ ಒಂದು ಅಂಶ ಮಾತ್ರವೆಂದೂ ಹೇಳುತ್ತಾನೆ. ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ಮಗಳನ್ನು ಕೇಳದೆಯೇ ಮುಹೂರ್ತವನ್ನು ಗೊತ್ತುಮಾಡುತ್ತಾನೆ. ಅದರ ಮುಂದಿನ ದೃಶ್ಯದಲ್ಲಿ, ಒಪ್ಪದಿದ್ದರೆ ಬೀದಿಪಾಲಾಗಬೇಕೆಂದು ಗದರಿಸುತ್ತಾನೆ. ನಾಟಕದ ಕಾಲಗಣನೆಯಲ್ಲಿ ಮೊದಲನೆಯ ಮಾತು ಭಾನುವಾರದ್ದು; ಎರಡನೆಯದು ಸೋಮವಾರ ರಾತ್ರಿಯದು; ಗದರಿಕೆ ಮಂಗಳವಾರ ಬೆಳಗಿನದು. ಎರಡು ದಿನಗಳು ಕಳೆಯುವುದರೊಳಗೆ ದಯಾಪರನಾದ ತಂದೆ ಕ್ರೂರನಾದುದು ಹೇಗೆ?

ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಸಮಾಧಾನಗಳನ್ನು ಹೇಳಬಹುದು. ಪಾತ್ರನಿರ್ಮಾಣದಲ್ಲಿ ಕವಿ ಎಚ್ಚರತಪ್ಪಿದನೆಂಬುದು ಒಂದು. ಟಿಬಾಲ್ಟನ ಮರಣದಿಂದ ಮುದುಕನ ಬುದ್ಧಿ ಕದಡಿತೆಂಬುದು ಇನ್ನೊಂದು. ಮೊದಲಿನ ಮೃದುವಚನವೆಲ್ಲ ಕಪಟವೆಂಬುದು ಮೂರನೆಯದು. ನಾಟಕವನ್ನು ದೃಶ್ಯಾನುಕ್ರಮವಾಗಿ ಪರಿಶೀಲಿಸಿದರೆ ಈ ಮೂರೂ ಸಾಲವೆಂದು ತೋರುತ್ತದೆ. ಕ್ಯಾಪ್ಯುಲೆಟನು ಮಗಳನ್ನು ಕಾಣುವ ರೀತಿ ಬದಲಾಗುತ್ತದೆ, ಕ್ಯಾಪ್ಯುಲೆಟನು ಬದಲಾಗುವುದಿಲ್ಲ. ಅವನ ಔದಾರ್ಯವೂ ಕ್ರೌರ್ಯವೂ ಒಂದೇ ಬೇರಿನಿಂದ ಹುಟ್ಟಿದವು. ಆ ಬೇರು ಯಾವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಔದಾರ್ಯದ ದೃಶ್ಯವನ್ನು ನೋಡಬೇಕು. ವೆರೋನಾದ ಪ್ರಭುವಿಗೆ ಬಂಧುವಾದ ಪ್ಯಾರಿಸನು ಜೂಲಿಯೆಟಳನ್ನು ತನಗೆ ಕೊಡಬೇಕೆಂದು ಕೇಳಿದಾಗ ತಂದೆ ಆತುರಪಡುವುದಿಲ್ಲ. ಮಗಳಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಇನ್ನೆರಡು ಬೇಸಗೆಗಳು ಕಳೆಯಲಿ ಎನ್ನುತ್ತಾನೆ. ಅವಳಿಗಿಂತ ಚಿಕ್ಕವರೂ ತಾಯಂದಿರಾಗಿರುವರೆಂದು ಪ್ಯಾರಿಸನು ಹೇಳಿದರೆ, ಹಾಗೆ ಬೇಗ ತಾಯಂದಿರಾದವರು ಬೇಗ ಕೆಡುತ್ತಾರೆಂದು ಉತ್ತರಕೊಡುತ್ತಾನೆ. ತನ್ನ ಉಳಿದ ಮಕ್ಕಳೆಲ್ಲ ಮಣ್ಣುಪಾಲಾದರೆಂದೂ, ಇವಳೊಬ್ಬಳೇ ತನ್ನ ಆಶೆಯೆಂದೂ ಹೇಳಿಕೊಳ್ಳುತ್ತಾನೆ. ಪ್ಯಾರಿಸನು ಅವಳ ಹೃದಯವನ್ನು ಗೆದ್ದುಕೊಳ್ಳಲಿ. ಅವಳು ಒಪ್ಪಿದರೆ ತನ್ನ ಸಮ್ಮತಿಯೂ ಉಂಟು: ಇದು ಅವನ ಮಾತಿನ ಸಾರ.

ಈ ದೃಶ್ಯದ ಬೆಲೆಯನ್ನು ಅರಿಯಲು ಮೂಲಕಥೆಯೊಡನೆ ಹೋಲಿಸಿನೋಡುವುದು ಆವಶ್ಯಕ. ಕವಿಗೆ ಮುಖ್ಯ ಆಧಾರವಾದದ್ದು ಆರ್ಥರ್ ಬ್ರೂಕನು ೧೫೬೨ರಲ್ಲಿ ಪ್ರಕಟಿಸಿದ ಕಥನಕಾವ್ಯ. ಅದರಲ್ಲಿ ಕಥೆ ಹಲವು ತಿಂಗಳುಗಳ ಕಾಲ ನಡೆಯುತ್ತದೆ. ಕನ್ಯೆಗೆ ಹದಿನಾರು ವರ್ಷಗಳ ವಯಸ್ಸು. ಪ್ಯಾರಿಸನು ಕಥೆಯೊಳಕ್ಕೆ ಬರುವುದು ನಾಯಕನು ಬಹಿಷ್ಕೃತನಾದ ಮೇಲೆಯೇ. ಷೇಕ್ಸ್‌ಪಿಯರನು ಕಾಲವನ್ನು ಐದು ದಿನಗಳಿಗೆ ಇಳಿಸಿದನು; ಕನ್ಯೆಯ ವಯಸ್ಸನ್ನು ಹದಿಮೂರಕ್ಕೆ ತಂದನು; ಪ್ಯಾರಿಸನನ್ನು ಕಥಾರಂಭಕ್ಕೇ ಕರೆತಂದನು. ನಾಯಕನಾಯಿಕೆಯರು ಪರಸ್ಪರ ನೋಡುವುದಕ್ಕಿಂತ ಮೊದಲೇ ತಂದೆ ಮಗಳ ಒಪ್ಪಿಗೆಯ ಮಾತನ್ನು ಆಡುವಂತೆ ಏರ್ಪಡಿಸಿದವನು ಷೇಕ್ಸ್‌ಪಿಯರನೇ. ಹೀಗೆ ಬುದ್ಧಿಪೂರ್ವಕವಾಗಿ ಸೇರಿಸಿದ ದೃಶ್ಯವನ್ನು ಮುಂದೆ ಮರೆತುಬಿಟ್ಟನೆಂದು ಹೇಳುವುದು ಯುಕ್ತವಲ್ಲ. ಎಚ್ಚರತಪ್ಪಿದನೆಂಬ ವಾದ ಇಲ್ಲಿಯೇ ನಿಲ್ಲದೆ ಹೋಗುತ್ತದೆ.

ವಯಸ್ಸಿನ ವಿಷಯದಲ್ಲಿ ಇನ್ನೊಂದು ಮಾತು. ಆ ಕಾಲದ ಚರ್ಚಿನ ನ್ಯಾಯದಂತೆ ಹೆಣ್ಣಿಗೆ ೧೨, ಗಂಡಿಗೆ ೧೪ ವರ್ಷಗಳಾದರೆ ವಿವಾಹಸಮ್ಮತಿಗೆ ಅರ್ಹತೆಯುಂಟು. ಆದರೆ ನ್ಯಾಯದಲ್ಲಿ ಸಾಧ್ಯವಾದದ್ದೆಲ್ಲ ಆಚಾರದಲ್ಲಿ ರೂಢಿಯಾಗಿರಲಿಲ್ಲ. ಪೀಟರ್ ಲ್ಯಾಸ್ಲೆಟರ ೧೯೬೫ರ ಗ್ರಂಥವೂ, ಆ ಬಳಿಕ ಚರ್ಚುಗಳ ದಾಖಲೆಗಳನ್ನು ಲೆಕ್ಕಹಾಕಿದ ವಿದ್ವಾಂಸರ ಶೋಧನೆಗಳೂ ತೋರಿಸಿಕೊಟ್ಟಂತೆ, ಹದಿನಾರನೆಯ ಶತಮಾನದ ಕೊನೆಯಲ್ಲಿಯೂ ಹದಿನೇಳನೆಯದರ ಮೊದಲಲ್ಲಿಯೂ ಇಂಗ್ಲೆಂಡಿನ ಸಾಮಾನ್ಯ ಸ್ತ್ರೀಯರು ಮದುವೆಯಾಗುತ್ತಿದ್ದುದು ಸರಾಸರಿಯಲ್ಲಿ ೨೪ರಿಂದ ೨೬ ವರ್ಷಗಳ ಸುಮಾರಿಗೆ. ಕುಲೀನರ ಮನೆಗಳಲ್ಲಿ ಇದು ಕೆಲವು ವರ್ಷ ಕಡಮೆಯಾಗಿದ್ದರೂ, ಹದಿಮೂರು ವರ್ಷದ ವಧು ಅಂದಿನ ಲಂಡನ್ ಪ್ರೇಕ್ಷಕರಿಗೆ ನಿತ್ಯದ ನೋಟವಾಗಿರಲಿಲ್ಲ. ಆದಕಾರಣ ಎರಡು ವರ್ಷ ತಾಳೆಂದು ಹೇಳುವ ಕ್ಯಾಪ್ಯುಲೆಟನು ಅವರ ಕಣ್ಣಿಗೆ ವಿವೇಕಿಯಾದ ತಂದೆಯಾಗಿಯೇ ಕಂಡಿರಬೇಕು. ಪ್ರೇಕ್ಷಕರು ಮೊದಲು ಅವನನ್ನು ಮೆಚ್ಚಬೇಕೆಂಬುದೇ ಕವಿಯ ಅಭಿಪ್ರಾಯ.

ಆದರೂ ಈ ಔದಾರ್ಯದ ಎಲ್ಲೆ ಎಲ್ಲಿದೆಯೆಂಬುದು ಆ ದೃಶ್ಯದಲ್ಲಿಯೇ ಸೂಚಿತವಾಗಿದೆ. ಮಗಳ ಒಪ್ಪಿಗೆಯ ಮಾತು ನಡೆಯುವುದು ಇಬ್ಬರು ಗಂಡಸರ ನಡುವೆ, ಮಗಳು ಅಲ್ಲಿಲ್ಲ. ಮುಂದಿನ ದೃಶ್ಯದಲ್ಲಿ ತಾಯಿ ವಿಷಯವನ್ನು ಅವಳಿಗೆ ತಿಳಿಸಿ, ಪ್ಯಾರಿಸನನ್ನು ಮೆಚ್ಚಬಲ್ಲೆಯಾ ಎಂದು ಕೇಳುತ್ತಾಳೆ. ನೋಡಿ ಮೆಚ್ಚಲು ಯತ್ನಿಸುವೆನು, ಆದರೆ ತಾಯಿಯ ಅಪ್ಪಣೆಯಿದ್ದಷ್ಟೇ ದೂರ ತನ್ನ ದೃಷ್ಟಿ ಹೋಗುವುದು ಎಂಬ ಅರ್ಥದಲ್ಲಿ ಜೂಲಿಯೆಟಳು ಉತ್ತರಕೊಡುತ್ತಾಳೆ. ತಂದೆಯ ಇಚ್ಛೆ ಮಗಳ ಒಪ್ಪಿಗೆಯನ್ನು ಅವಲಂಬಿಸಿದೆ; ಮಗಳ ಒಪ್ಪಿಗೆ ತಾಯಿಯ ಅಪ್ಪಣೆಯನ್ನು ಅವಲಂಬಿಸಿದೆ. ವಿನಯದ ಈ ಚಕ್ರದಲ್ಲಿ ಮಗಳ ಸ್ವಂತ ಮನಸ್ಸೆಂಬುದಕ್ಕೆ ಎಲ್ಲಿಯೂ ಸ್ಥಾನವಿಲ್ಲ. ಆ ದಿನದವರೆಗೆ ಅದಕ್ಕೆ ಸ್ಥಾನ ಬೇಕಾಗಿಯೂ ಇರಲಿಲ್ಲ. ಇಲ್ಲವೆನ್ನುವ ಸಂಭವವೇ ಇಲ್ಲದ ಕಡೆ ಒಪ್ಪಿಗೆಯನ್ನು ಕೇಳುವುದು ಸುಲಭ. ಅದರಿಂದ ಕೇಳುವವನಿಗೆ ನಷ್ಟವೇನೂ ಇಲ್ಲ.

೩

ಈ ಊಹೆಗೆ ಆಧಾರವು ಅದೇ ರಾತ್ರಿಯ ಔತಣದ ದೃಶ್ಯದಲ್ಲಿ ದೊರೆಯುತ್ತದೆ. ಮುಖವಾಡ ಧರಿಸಿ ಬಂದ ರೋಮಿಯೋವನ್ನು ಟಿಬಾಲ್ಟನು ಧ್ವನಿಯಿಂದ ಗುರುತಿಸಿ ಕತ್ತಿಯನ್ನು ತರಹೇಳುತ್ತಾನೆ. ಆಗ ಕ್ಯಾಪ್ಯುಲೆಟನು ತೋರಿಸುವ ಸೌಜನ್ಯ ಆಶ್ಚರ್ಯಕರವಾದದ್ದು. ಹಗೆಯ ಮಗನನ್ನು ವೆರೋನಾ ನಗರವೇ ಗುಣವಂತನೆಂದು ಹೊಗಳುತ್ತದೆ. ತನ್ನ ಮನೆಯಲ್ಲಿ ಅವನಿಗೆ ಅಪಮಾನವಾಗಕೂಡದು ಎನ್ನುತ್ತಾನೆ. ಎರಡು ಮನೆಗಳ ವೈರ ಆ ಮುದುಕನ ಎದೆಯಲ್ಲಿ ಅಷ್ಟು ಆಳವಾಗಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಆದರೆ ಟಿಬಾಲ್ಟನು ತಾನು ಸಹಿಸಲಾರೆನೆಂದು ಎದುರುಮಾತಾಡಿದ ಕೂಡಲೇ ಸೌಜನ್ಯ ಮಾಯವಾಗುತ್ತದೆ. ಈ ಮನೆಗೆ ಯಜಮಾನನು ಯಾರು, ತಾನೋ ಅವನೋ ಎಂದು ಕ್ಯಾಪ್ಯುಲೆಟನು ಗರ್ಜಿಸುತ್ತಾನೆ. ಹುಡುಗನೆಂದೂ ಸೊಕ್ಕಿನವನೆಂದೂ ಜರೆಯುತ್ತಾನೆ. ಅದರ ನಡುವೆಯೇ ಅತಿಥಿಗಳತ್ತ ತಿರುಗಿ ನಗುತ್ತ ಉಪಚಾರದ ಮಾತನಾಡುತ್ತಾನೆ. ನಗುಮುಖವೂ ಕೆಂಡದ ಕಣ್ಣೂ ಒಂದೇ ಗಳಿಗೆಯಲ್ಲಿ ಒಂದೇ ಮುಖದಲ್ಲಿ ಕಾಣಿಸಿಕೊಳ್ಳುತ್ತವೆ. ಅವನನ್ನು ಕೆರಳಿಸಿದ್ದು ಟಿಬಾಲ್ಟನ ಅಭಿಪ್ರಾಯವಲ್ಲ, ತನ್ನ ಅಪ್ಪಣೆಗೆ ಬಂದ ಅಡ್ಡಿ. ಇಲ್ಲಿ ಅವನ ಕೋಪವು ಧರ್ಮದ ಪಕ್ಷದಲ್ಲಿರುವುದರಿಂದ ಪ್ರೇಕ್ಷಕರು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಇದೇ ಕೋಪ, ಇದೇ ಪ್ರಶ್ನೆ, ಬಹುಮಟ್ಟಿಗೆ ಇದೇ ಬಯ್ಗುಳ ಎರಡು ದಿನಗಳ ತರುವಾಯ ಮಗಳ ಮೇಲೆ ಬೀಳುವಾಗ ಮಾತ್ರ ಅದರ ಸ್ವರೂಪವು ಎಲ್ಲರಿಗೂ ತಿಳಿಯುತ್ತದೆ.

೪

ಇನ್ನು ಸೋಮವಾರ ರಾತ್ರಿಯ ದೃಶ್ಯ. ಟಿಬಾಲ್ಟನು ಸತ್ತಿದ್ದಾನೆ, ಮನೆ ಸೂತಕದಲ್ಲಿದೆ. ಮಗಳೊಡನೆ ಮಾತನಾಡಲು ಸಮಯವೇ ದೊರೆಯಲಿಲ್ಲವೆಂದು ಕ್ಯಾಪ್ಯುಲೆಟನು ಪ್ಯಾರಿಸನಿಗೆ ಹೇಳುತ್ತಾನೆ. ಪ್ಯಾರಿಸನು ಹೊರಡಲು ಎದ್ದಾಗ ಇದ್ದಕ್ಕಿದ್ದಂತೆ ಅವನನ್ನು ತಡೆದು ಮಗಳನ್ನು ಕೊಡುವೆನೆನ್ನುತ್ತಾನೆ. ತನ್ನ ಮಾತನ್ನು ಅವಳು ಎಲ್ಲ ವಿಧದಲ್ಲಿಯೂ ಕೇಳುವಳೆಂದು ತೋರುತ್ತದೆ ಎಂದು ಮೊದಲು ಹೇಳಿ, ಮರುಕ್ಷಣವೇ ಅದರಲ್ಲಿ ಸಂದೇಹವೇ ಇಲ್ಲವೆಂದು ತಿದ್ದಿಕೊಳ್ಳುತ್ತಾನೆ. ‘ತೋರುತ್ತದೆ’ ಎಂಬುದಕ್ಕೂ ‘ಸಂದೇಹವಿಲ್ಲ’ ಎಂಬುದಕ್ಕೂ ನಡುವೆ ಮಗಳನ್ನು ಕೇಳಲು ಯಾರೂ ಹೋಗುವುದಿಲ್ಲ. ಬುಧವಾರವೆಂದರೆ ತೀರ ಹತ್ತಿರ; ಗುರುವಾರವಾಗಲಿ; ಟಿಬಾಲ್ಟನು ಈಗತಾನೆ ಸತ್ತಿರುವುದರಿಂದ ಕೆಲವೇ ಜನರನ್ನು ಕರೆಯೋಣ ಎಂದು ಎಲ್ಲವನ್ನೂ ಅಲ್ಲಿಯೇ ತೀರ್ಮಾನಿಸಿ, ಮಗಳನ್ನು ಸಿದ್ಧಪಡಿಸೆಂದು ಹೆಂಡತಿಗೆ ಅಪ್ಪಣೆಮಾಡುತ್ತಾನೆ. ಅದೇ ಹೊತ್ತಿನಲ್ಲಿ ಅದೇ ಮನೆಯ ಮೇಲ್ಮಾಳಿಗೆಯಲ್ಲಿ ಜೂಲಿಯೆಟಳು ತನ್ನ ಗಂಡನೊಡನೆ ಇದ್ದಾಳೆ.

ಈ ಆತುರಕ್ಕೆ ದುರುದ್ದೇಶವೇನೂ ಕಾರಣವಲ್ಲ. ಮಗಳು ಒಂಟಿಯಾಗಿ ಕುಳಿತು ಅತಿಯಾಗಿ ಅಳುವುದು ಅಪಾಯಕರವೆಂದು ಎಣಿಸಿ, ಆ ಕಣ್ಣೀರನ್ನು ನಿಲ್ಲಿಸಲು ಕ್ಯಾಪ್ಯುಲೆಟನು ಮದುವೆಯನ್ನು ಬೇಗ ಮಾಡುತ್ತಿರುವನೆಂದು ಪ್ಯಾರಿಸನು ಮುಂದಿನ ಅಂಕದಲ್ಲಿ ಸಂನ್ಯಾಸಿಗೆ ಹೇಳುತ್ತಾನೆ. ಇದನ್ನು ಅಪನಂಬಲು ಕಾರಣವಿಲ್ಲ. ಮನೆಯ ತರುಣನು ಸತ್ತಾಗ, ಉಳಿದೊಬ್ಬ ಮಗಳನ್ನು ಪ್ರಭುವಿನ ಬಂಧುವಿಗೆ ಕೊಟ್ಟು ಮನೆತನಕ್ಕೆ ಆಸರೆ ಕಲ್ಪಿಸಬೇಕೆಂಬ ಬಯಕೆಯೂ ಅವನಲ್ಲಿದ್ದಿರಬಹುದು. ನಾಟಕದಲ್ಲಿ ಇದು ಸ್ಪಷ್ಟವಾಗಿ ಉಕ್ತವಾಗಿಲ್ಲದಿದ್ದರೂ ಸಂದರ್ಭಕ್ಕೆ ಒಪ್ಪುತ್ತದೆ. ಅಂತು ತಂದೆ ಬಯಸಿದ್ದು ಮಗಳ ಹಿತವನ್ನೇ. ಆದರೆ ಆ ಹಿತವು ಯಾವುದರಲ್ಲಿದೆ ಎಂಬುದನ್ನು ಅವಳಿಂದ ಕೇಳಿ ತಿಳಿಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳು ಅಳುತ್ತಿರುವುದು ಯಾರಿಗಾಗಿ ಎಂಬುದೇ ಅವನಿಗೆ ಗೊತ್ತಿಲ್ಲ. ದುಃಖದಿಂದ ಬುದ್ಧಿ ಕದಡಿತೆಂಬ ಸಮಾಧಾನವು ಆತುರಕ್ಕೆ ಕಾರಣವನ್ನು ಹೇಳೀತು. ಕೇಳದೆ ಹೋದುದಕ್ಕೆ ಹೇಳಲಾರದು. ಕೇಳದಿರುವುದು ಅವನ ಹಳೆಯ ಅಭ್ಯಾಸ. ಭಾನುವಾರವೂ ಅವನು ಕೇಳಿರಲಿಲ್ಲ. ಕೇಳುವ ಮಾತನ್ನು ಆಡಿದ್ದನು, ಅಷ್ಟೆ.

೫

ಮಂಗಳವಾರ ಬೆಳಗ್ಗೆ ತಾಯಿ ಬಂದು ಶುಭವಾರ್ತೆಯೆಂದು ಮದುವೆಯ ಸುದ್ದಿಯನ್ನು ಹೇಳುತ್ತಾಳೆ. ಜೂಲಿಯೆಟಳು ಒಲ್ಲೆನೆನ್ನುತ್ತಾಳೆ. ತಂದೆ ಒಳಕ್ಕೆ ಬರುವಾಗ ಅವನ ಮಾತು ಇನ್ನೂ ಪ್ರೀತಿಯದೇ. ಅಳುತ್ತಿರುವ ಮಗಳನ್ನು ನೋಡಿ, ಅವಳ ಪುಟ್ಟ ದೇಹದಲ್ಲಿಯೇ ಕಡಲು, ಹಡಗು, ಗಾಳಿ ಮೂರೂ ಇವೆಯೆಂದು ಹಾಸ್ಯದೊಡನೆ ಮರುಗುತ್ತಾನೆ. ಆ ಬಳಿಕ ಹೆಂಡತಿಯಿಂದ ಅವಳ ನಿರಾಕರಣೆಯನ್ನು ಕೇಳಿದ ಕೂಡಲೇ, ಅವನಿಗೆ ಮೊದಲು ಅರ್ಥವೇ ಆಗುವುದಿಲ್ಲ. ಇದು ಗಮನಿಸತಕ್ಕ ಅಂಶ: ಕೋಪಕ್ಕಿಂತ ಮೊದಲು ಬರುವುದು ಬೆರಗು. ಅವಳಿಗೆ ಹೆಮ್ಮೆಯಿಲ್ಲವೆ? ಕೃತಜ್ಞತೆಯಿಲ್ಲವೆ? ಇಂಥ ವರನನ್ನು ತಂದುದಕ್ಕೆ ಸಂತೋಷವಿಲ್ಲವೆ? ಮಗಳಿಗೆ ಬೇರೆಯ ಮನಸ್ಸೊಂದು ಇರಬಹುದೆಂಬ ಭಾವನೆಯೇ ಅವನಿಗೆ ಹೊಸದು.

ಬೆರಗಿನ ಹಿಂದೆಯೇ ರೋಷ ಬರುತ್ತದೆ. ಗುರುವಾರ ಸಂತ ಪೀಟರನ ದೇವಾಲಯಕ್ಕೆ ಬಾರದಿದ್ದರೆ ಹಲಗೆಯ ಮೇಲೆ ಕಟ್ಟಿ ಎಳೆಯಿಸುವೆನೆನ್ನುತ್ತಾನೆ. ಅವನು ಹೆಸರಿಸುವ ಸಾಧನವು ಆ ಕಾಲದಲ್ಲಿ ರಾಜದ್ರೋಹಿಗಳನ್ನು ವಧಸ್ಥಾನಕ್ಕೆ ಎಳೆದುಕೊಂಡು ಹೋಗಲು ಬಳಸುತ್ತಿದ್ದುದು. ವಧುವಿನ ಮೆರವಣಿಗೆ ಅವನ ಬಾಯಿಯಲ್ಲಿ ಅಪರಾಧಿಯ ಮೆರವಣಿಗೆಯಾಗುತ್ತದೆ. ಅವಳು ಮೊಣಕಾಲೂರಿ, ಒಂದು ಮಾತನ್ನು ಸಮಾಧಾನದಿಂದ ಕೇಳಬೇಕೆಂದು ಬೇಡುತ್ತಾಳೆ. ಅವನು ಕೇಳುವುದಿಲ್ಲ, ಕೈ ತುರಿಸುತ್ತಿದೆಯೆನ್ನುತ್ತಾನೆ, ಒಬ್ಬಳೇ ಮಗಳೆಂದು ಕೊರಗುತ್ತಿದ್ದವರಿಗೆ ಈ ಒಬ್ಬಳೂ ಹೆಚ್ಚಾದಳೆನ್ನುತ್ತಾನೆ. ಮೊದಲನೆಯ ಅಂಕದಲ್ಲಿ ಅವಳೇ ತನ್ನ ಆಶೆಯೆಂದವನು ಇವನೇ. ಕೊನೆಗೆ ನಿರ್ಣಯದ ಮಾತು: ಅವಳು ತನ್ನವಳಾದರೆ ತನ್ನ ಮಿತ್ರನಿಗೆ ಕೊಡುವನು; ಅಲ್ಲವಾದರೆ ಬೀದಿಯಲ್ಲಿ ಭಿಕ್ಷೆಬೇಡಿ ಸಾಯಲಿ, ತನ್ನ ಆಸ್ತಿಯಲ್ಲಿ ಕವಡೆಯೂ ಇಲ್ಲ.

ಈ ಕೊನೆಯ ಮಾತಿನಲ್ಲಿ ಆರಂಭದ ಔದಾರ್ಯದ ಗುಟ್ಟು ಹೊರಬೀಳುತ್ತದೆ. ತನ್ನವಳಾದುದರಿಂದಲೇ ಅವಳನ್ನು ಮುದ್ದಿಸಿದನು. ತನ್ನವಳಾದುದರಿಂದಲೇ ಅವಳಿಗೆ ಆಯ್ಕೆಯ ಹಕ್ಕನ್ನು ದಾನವಾಗಿ ಕೊಟ್ಟನು. ದಾನವಾಗಿ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ತನಗೆ ಅಧಿಕಾರವುಂಟೆಂದು ಅವನ ನಂಬಿಕೆ. ಭಾನುವಾರದ ಮಾತು ಕಪಟವಾಗಿರಲಿಲ್ಲ. ಅವನು ಅದನ್ನು ಮನಃಪೂರ್ವಕವಾಗಿಯೇ ಆಡಿದನು. ಆದರೆ ಮಗಳ ಒಪ್ಪಿಗೆಯೆಂದರೆ ತನ್ನ ಇಚ್ಛೆಯ ಪ್ರತಿಧ್ವನಿಯೆಂದು ಮಾತ್ರ ಅವನು ತಿಳಿದಿದ್ದನು.

ಶಾಸ್ತ್ರದೃಷ್ಟಿಯಿಂದ ನೋಡಿದರೆ ಈ ಸಂದರ್ಭದ ತೀವ್ರತೆ ಇನ್ನೂ ಹೆಚ್ಚುತ್ತದೆ. ಪಾಶ್ಚಾತ್ಯ ಕ್ರೈಸ್ತಧರ್ಮದಲ್ಲಿ ವಿವಾಹಕ್ಕೆ ಜೀವಾಳವಾದದ್ದು ವಧೂವರರ ಪರಸ್ಪರ ಸಮ್ಮತಿ. ಬಲಾತ್ಕಾರದಿಂದಲೋ ತೀವ್ರಭಯದಿಂದಲೋ ಪಡೆದ ಸಮ್ಮತಿ ಸಮ್ಮತಿಯಲ್ಲವೆಂದು ಆ ಶಾಸ್ತ್ರವು ವಿಧಿಸಿತ್ತು. ೧೫೬೩ರಲ್ಲಿ ಟ್ರೆಂಟ್ ನಗರದ ಮಹಾಸಭೆ ಪುರೋಹಿತನೂ ಸಾಕ್ಷಿಗಳೂ ಇರಬೇಕೆಂದು ನಿಯಮಮಾಡಿದರೂ, ತಂದೆತಾಯಿಗಳ ಅನುಮತಿಯಿಲ್ಲದ ಮದುವೆ ಮದುವೆಯೇ ಅಲ್ಲವೆಂದು ಹೇಳಲಿಲ್ಲ. ಇಂಗ್ಲೆಂಡಿನಲ್ಲಿ ೧೬೦೪ರ ಚರ್ಚಿನ ನಿಯಮಗಳು ೨೧ ವರ್ಷದೊಳಗಿನವರಿಗೆ ಹಿರಿಯರ ಅನುಮತಿಯನ್ನು ವಿಧಿಸಿದುವು. ಆದರೆ ಅದನ್ನು ಮೀರಿದ ಮದುವೆಯನ್ನು ಅಸಿಂಧುವೆಂದು ತಳ್ಳಿಹಾಕುವ ಶಾಸನ ಬಂದದ್ದು ೧೭೫೩ರಲ್ಲಿ. ಶಾಸ್ತ್ರವು ಸಮ್ಮತಿಯನ್ನು ಕನ್ಯೆಯ ಕೈಯಲ್ಲಿ ಇಟ್ಟಿತು; ಅನ್ನ, ಮನೆ, ಹೆಸರು ಮಾತ್ರ ತಂದೆಯ ಕೈಯಲ್ಲಿ ಉಳಿದುವು. ಕ್ಯಾಪ್ಯುಲೆಟನು ಸಮ್ಮತಿ ಬೇಡವೆನ್ನುವುದಿಲ್ಲ. ಅದು ಬೇಕಾದುದರಿಂದಲೇ ಅನ್ನವನ್ನು ಕಿತ್ತುಕೊಳ್ಳುವ ಬೆದರಿಕೆ ಹಾಕುತ್ತಾನೆ. ಜೂಲಿಯೆಟಳಾದರೋ ಆಗಲೇ ವಿವಾಹಿತೆ; ತಂದೆಗೆ ವಿಧೇಯಳಾಗುವುದೆಂದರೆ ಧರ್ಮದ್ರೋಹ ಮಾಡುವುದು.

ತಾಯಿಯ ನಡತೆಯನ್ನೂ ಇಲ್ಲಿ ಪರಿಶೀಲಿಸಬೇಕು. ಜೂಲಿಯೆಟಳ ವಯಸ್ಸಿನಲ್ಲಿ ತಾನು ಆಗಲೇ ತಾಯಿಯಾಗಿದ್ದೆನೆಂದು ಮೊದಲನೆಯ ಅಂಕದಲ್ಲಿ ಅವಳು ಹೇಳಿಕೊಂಡಿದ್ದಾಳೆ. ತನಗೆ ಆಗಿಹೋದದ್ದೇ ಮಗಳಿಗೂ ಆಗುವುದರಲ್ಲಿ ಅವಳಿಗೆ ಅನ್ಯಾಯವೇನೂ ಕಾಣದು. ಗಂಡನ ಕೋಪ ಮಿತಿಮೀರಿದಾಗ ಒಮ್ಮೆ ತಡೆಯುತ್ತಾಳೆ. ಆದರೆ ಅವನು ಹೊರಟುಹೋದ ಮೇಲೆ, ಮದುವೆಯನ್ನು ಒಂದು ತಿಂಗಳಾದರೂ ಒಂದು ವಾರವಾದರೂ ಮುಂದಕ್ಕೆ ಹಾಕೆಂದು ಮಗಳು ಬೇಡಿದರೆ, ಇನ್ನು ತನಗೂ ಅವಳಿಗೂ ಸಂಬಂಧವಿಲ್ಲವೆಂದು ತಿರುಗಿ ಹೋಗುತ್ತಾಳೆ. ಹಾಲೂಡಿದ ದಾದಿ ಯಜಮಾನನಿಗೆ ಎದುರಾಗಿ ಮಾತನಾಡುವ ಧೈರ್ಯವನ್ನು ತೋರಿಸಿದರೂ, ಕೊನೆಗೆ ಪ್ಯಾರಿಸನನ್ನೇ ಮದುವೆಯಾಗೆಂದು ಬುದ್ಧಿಹೇಳುತ್ತಾಳೆ. ಒಂದು ಗಳಿಗೆಯಲ್ಲಿ ಮೂರು ಬಾಗಿಲುಗಳೂ ಮುಚ್ಚಿದುವು. ಹದಿಮೂರು ವರ್ಷದ ಹುಡುಗಿ ಆ ಮನೆಯಲ್ಲಿ ಸತ್ಯವನ್ನು ಹೇಳಲು ಯತ್ನಿಸಿದ್ದು ಇದೇ ಕೊನೆಯ ಸಲ.

೬

ಇಲ್ಲಿಂದ ಮುಂದಿನದು ನಾಟಕದ ಅತ್ಯಂತ ಮರ್ಮಸ್ಪರ್ಶಿಯಾದ ಭಾಗ. ಸಂನ್ಯಾಸಿಯಿಂದ ಔಷಧವನ್ನು ಪಡೆದು ಹಿಂದಿರುಗಿದ ಜೂಲಿಯೆಟಳು ತಂದೆಯ ಮುಂದೆ ಮತ್ತೆ ಬಾಗುತ್ತಾಳೆ. ತಪ್ಪನ್ನು ಒಪ್ಪಿಕೊಂಡು, ಇನ್ನುಮುಂದೆ ಅವನ ಮಾತಿನಂತೆ ನಡೆಯುವೆನೆನ್ನುತ್ತಾಳೆ. ಎರಡು ಸಲವೂ ಭಂಗಿ ಒಂದೇ. ಮೊದಲನೆಯ ಸಲ ಅವಳ ಮನಸ್ಸಿನಲ್ಲಿ ನಿಜವಿತ್ತು. ತಂದೆ ಕಾಲಿನಿಂದೊದೆದಂತೆ ತಿರಸ್ಕರಿಸಿದನು. ಎರಡನೆಯ ಸಲ ಸುಳ್ಳಿದೆ; ತಂದೆ ಅಪ್ಪಿಕೊಳ್ಳುವಂತೆ ಸ್ವೀಕರಿಸುತ್ತಾನೆ. ಹಟಮಾರಿಯಾದ ಹುಡುಗಿ ಸರಿಹೋದಳೆಂದು ಅವನ ಹೃದಯ ಹಗುರಾಗುತ್ತದೆ. ತನ್ನ ಮಗಳನ್ನು ಮರಳಿ ಪಡೆದೆನೆಂದು ಅವನು ತಿಳಿಯುವ ಆ ಕ್ಷಣದಲ್ಲಿಯೇ ಅವಳು ಅವನಿಂದ ಶಾಶ್ವತವಾಗಿ ದೂರವಾಗಿದ್ದಾಳೆ. ಬೆದರಿಸಿ ಪಡೆದ ವಿಧೇಯತೆಯಲ್ಲಿ ಎಷ್ಟು ಅಂಶ ನಿಜವಿರಬಲ್ಲದೆಂಬ ಪ್ರಶ್ನೆಗೆ ಕವಿ ಕೊಟ್ಟ ಉತ್ತರ ಇದು. ಅಧಿಕಾರ ಬಿಗಿಯಾದಷ್ಟೂ ತಂದೆಗೆ ಮಗಳ ವಿಷಯದಲ್ಲಿರುವ ತಿಳಿವಳಿಕೆ ಕಡಮೆಯಾಗುತ್ತ ಬಂದಿದೆ.

ಅನಾಹುತವನ್ನು ಹತ್ತಿರಕ್ಕೆ ತಂದದ್ದು ಅವನ ಕೋಪ ಮಾತ್ರವಲ್ಲ, ಅವನ ಸಂತೋಷವೂ ಹೌದು. ಸಂನ್ಯಾಸಿಯ ಉಪಾಯದಂತೆ ಬುಧವಾರ ರಾತ್ರಿ ಅವಳು ಔಷಧವನ್ನು ಕುಡಿಯಬೇಕಾಗಿತ್ತು. ಗುರುವಾರ ಅವಳನ್ನು ಸತ್ತವಳೆಂದು ಎಣಿಸಿ ಕುಲದ ಸಮಾಧಿಗೃಹಕ್ಕೆ ಒಯ್ಯಬೇಕು. ೪೨ ಗಂಟೆಗಳ ತರುವಾಯ ಅವಳು ಎಚ್ಚರಗೊಳ್ಳುವ ವೇಳೆಗೆ ಪತ್ರವನ್ನು ಪಡೆದ ರೋಮಿಯೋ ಅಲ್ಲಿರಬೇಕು. ಮಗಳ ವಿಧೇಯತೆಯಿಂದ ಹಿಗ್ಗಿದ ಕ್ಯಾಪ್ಯುಲೆಟನು, ಹೆಂಡತಿ ಗುರುವಾರಕ್ಕೆ ಮೊದಲು ಸಾಧ್ಯವಿಲ್ಲವೆಂದರೂ ಕೇಳದೆ, ಮದುವೆಯನ್ನು ಮರುದಿನ ಬೆಳಗ್ಗೆಯೇ ಮಾಡುವೆನೆಂದು ಒಂದು ದಿನ ಹಿಂದಕ್ಕೆ ಎಳೆಯುತ್ತಾನೆ. ಎಲ್ಲವೂ ಒಂದು ರಾತ್ರಿ ಮೊದಲೇ ನಡೆಯಬೇಕಾಗುತ್ತದೆ. ಪತ್ರವನ್ನು ಒಯ್ದ ಸಂನ್ಯಾಸಿ ಮಾರಿಬೇನೆಯ ಶಂಕೆಯಿಂದ ಒಂದು ಮನೆಯೊಳಗೆ ತಡೆಯಲ್ಪಟ್ಟಾಗ, ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಬೇಕಾಗಿದ್ದ ಆ ಒಂದು ದಿನ ಉಳಿದಿರುವುದಿಲ್ಲ. ಮಾರಿಬೇನೆಯನ್ನು ವಿಧಿಯೆನ್ನಬಹುದು. ಕಳೆದುಹೋದ ದಿನವನ್ನು ವಿಧಿ ಕಸಿಯಲಿಲ್ಲ. ಹಿಗ್ಗಿದ ತಂದೆ ಕಸಿದನು.

ಆ ರಾತ್ರಿಯೆಲ್ಲ ಮುದುಕನು ನಿದ್ರೆಮಾಡದೆ ಮದುವೆಯ ಅಡಿಗೆಯ ಏರ್ಪಾಟನ್ನು ನೋಡಿಕೊಳ್ಳುತ್ತಾನೆ. ಅವನ ಸಡಗರದಲ್ಲಿ ಎಷ್ಟೊಂದು ಮುಗ್ಧತೆಯಿದೆ! ಬೆಳಗ್ಗೆ ಮಗಳು ಹೆಣವಾಗಿ ಬಿದ್ದಿರುವುದನ್ನು ಕಂಡು ಅವನು ಪಡುವ ದುಃಖವೂ ನಿಜವಾದದ್ದೇ. ಆ ದುಃಖದಲ್ಲಿಯೂ ಅವನಿಗೆ ದೊರೆಯುವ ಉಪಮಾನ ಒಂದೇ: ಮೃತ್ಯುವೇ ತನಗೆ ಅಳಿಯನಾದನು, ಮೃತ್ಯುವೇ ತನ್ನ ಆಸ್ತಿಗೆ ಹಕ್ಕುದಾರನಾದನು. ಮಗಳು ಸತ್ತರೂ ಕೊಟ್ಟು ತೆಗೆದುಕೊಳ್ಳುವ ಲೆಕ್ಕದ ಭಾಷೆ ಸಾಯಲಿಲ್ಲ.

೭

ಕವಿಯ ಇತರ ರುದ್ರನಾಟಕಗಳಲ್ಲಿಯೂ ಈ ಬಗೆಯ ತಂದೆಯರು ಕಾಣಬರುತ್ತಾರೆ. ಇವುಗಳಲ್ಲಿ ಕೆಲವು ಕನ್ನಡದ ಓದುಗರಿಗೆ ಹಳೆಯ ಪರಿಚಯದವು. ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವು ‘ರಾಮವರ್ಮ ಲೀಲಾವತಿ’ಯಾಗಿಯೂ, ‘ಒಥೆಲೋ’ ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಾಗಿಯೂ, ‘ಲಿಯರ್ ಮಹಾರಾಜ’ನ ಕಥೆ ಎಂ. ಎಸ್. ಪುಟ್ಟಣ್ಣನವರ ‘ಹೇಮಚಂದ್ರರಾಜ ವಿಲಾಸ’ವಾಗಿಯೂ ಕನ್ನಡಕ್ಕೆ ಬಂದಿವೆ. ‘ಒಥೆಲೋ’ ನಾಟಕದ ಬ್ರಬಾನ್ಷಿಯೋ ಸೇನಾಪತಿಯನ್ನು ಮನೆಗೆ ಕರೆದು ಆದರಿಸಿದವನು. ಮಗಳು ತಾನಾಗಿ ಆ ಸೇನಾಪತಿಯನ್ನೇ ವರಿಸಿದಳೆಂದು ತಿಳಿದೊಡನೆ ಅವಳನ್ನು ಕಳೆದುಕೊಂಡೆನೆಂದು ಕೈಬಿಡುತ್ತಾನೆ. ಕೊನೆಯ ಅಂಕದಲ್ಲಿ ಅವನು ಅದೇ ಕೊರಗಿನಿಂದ ಸತ್ತ ಸುದ್ದಿ ಬರುತ್ತದೆ. ‘ಹ್ಯಾಮ್ಲೆಟ್’ ನಾಟಕದ ಪೊಲೋನಿಯಸನು ಮಗಳು ರಾಜಪುತ್ರನೊಡನೆ ಮಾತನಾಡಕೂಡದೆಂದು ಮೊದಲು ತಡೆದು, ಬಳಿಕ ತನ್ನ ಊಹೆ ತಪ್ಪೆಂದು ತಿಳಿದು, ಕೊನೆಗೆ ರಾಜಕಾರ್ಯಕ್ಕಾಗಿ ಅದೇ ಮಗಳನ್ನು ರಾಜಪುತ್ರನ ಎದುರಿಗೆ ಬಿಟ್ಟು ತಾನು ಮರೆಯಲ್ಲಿ ನಿಂತು ಕೇಳುತ್ತಾನೆ. ಅಪ್ಪಣೆ ಮೂರು ಸಲ ಬದಲಾದರೂ ಒಫೀಲಿಯಳ ಮನಸ್ಸಿನಲ್ಲೇನಿದೆ ಎಂಬ ಪ್ರಶ್ನೆ ಒಮ್ಮೆಯೂ ಏಳುವುದಿಲ್ಲ.

ಲಿಯರನ ಕಥೆ ಇವೆಲ್ಲಕ್ಕಿಂತ ದೊಡ್ಡದು. ಅತ್ಯಂತ ಪ್ರಿಯಳಾದ ಕಿರಿಯ ಮಗಳು, ತನ್ನ ಪ್ರೀತಿಯಲ್ಲಿ ಅರ್ಧಭಾಗ ಮುಂದೆ ಗಂಡನಿಗೆ ಸಲ್ಲಬೇಕಾದದ್ದೆಂದು ನಿಜವನ್ನಾಡಿದ ಮಾತ್ರಕ್ಕೆ ಅವನು ಅವಳನ್ನು ತನ್ನವಳಲ್ಲವೆಂದು ನೂಕುತ್ತಾನೆ. ಇಲ್ಲಿಯವರೆಗೆ ಅವನಿಗೂ ಕ್ಯಾಪ್ಯುಲೆಟನಿಗೂ ಭೇದವಿಲ್ಲ. ಆದರೆ ಲಿಯರನು ರಾಜ್ಯವನ್ನೂ ಪರಿವಾರವನ್ನೂ ತಲೆಯ ಮೇಲಿನ ಸೂರನ್ನೂ ಕಳೆದುಕೊಂಡು ಬಿರುಗಾಳಿಯಲ್ಲಿ ನಿಲ್ಲುತ್ತಾನೆ. ನಾಲ್ಕನೆಯ ಅಂಕದ ಕೊನೆಯಲ್ಲಿ ಕಾರ್ಡೀಲಿಯಳನ್ನು ಕಂಡಾಗ ಮುದುಕನಾದ ಆ ಅರಸನೇ ಮಗಳ ಮುಂದೆ ಮೊಣಕಾಲೂರಲು ಹೋಗುತ್ತಾನೆ. ಅಧಿಕಾರವೆಲ್ಲ ಹೋದ ಮೇಲೆ ಅವನಿಗೆ ಮಗಳು ಕಾಣಿಸಿದಳು. ಕ್ಯಾಪ್ಯುಲೆಟನ ಮನೆಯಲ್ಲಿ ಮೊಣಕಾಲೂರಿದವಳು ಯಾವಾಗಲೂ ಮಗಳೇ.

೮

ಕೊನೆಯ ದೃಶ್ಯದಲ್ಲಿ ಸಮಾಧಿಗೃಹದೊಳಗೆ ಇಬ್ಬರು ತಂದೆಯರು ಎದುರುಬದುರಾಗಿ ನಿಲ್ಲುತ್ತಾರೆ. ಸತ್ತಳೆಂದು ಹೂಳಿದ ಮಗಳು ಈಗ ಎರಡನೆಯ ಸಲ, ನಿಜವಾಗಿ, ಸತ್ತಿರುವುದನ್ನು ಕ್ಯಾಪ್ಯುಲೆಟನು ನೋಡುತ್ತಾನೆ. ಸಂನ್ಯಾಸಿಯ ಬಾಯಿಂದ ಅವಳ ಕಥೆಯನ್ನು ಮೊತ್ತಮೊದಲಿಗೆ ಕೇಳುತ್ತಾನೆ. ಅವಳು ಜೀವಂತಳಾಗಿ ಮೊಣಕಾಲೂರಿ ಹೇಳಬಯಸಿದ್ದ ಮಾತನ್ನು, ಅವಳ ಹೆಣದ ಮುಂದೆ, ಬೇರೊಬ್ಬನಿಂದ ಕೇಳಬೇಕಾಯಿತು. ಕೇಳಿದ ಬಳಿಕ ಮಾಂಟೆಗ್ಯೂವಿನ ಕೈಯನ್ನು ಹಿಡಿದು, ಆ ಹಸ್ತವೇ ತನ್ನ ಮಗಳಿಗೆ ಸಲ್ಲಬೇಕಾದ ವಧೂಧನವೆಂದೂ, ಅದಕ್ಕಿಂತ ಹೆಚ್ಚಿನದನ್ನು ಕೇಳಲಾರೆನೆಂದೂ ಹೇಳುತ್ತಾನೆ. ಮಾಂಟೆಗ್ಯೂ ತಾನು ಅದಕ್ಕಿಂತ ಹೆಚ್ಚು ಕೊಡಬಲ್ಲೆನೆಂದು ಜೂಲಿಯೆಟಳ ಚಿನ್ನದ ಪ್ರತಿಮೆಯನ್ನು ನಿಲ್ಲಿಸುವ ವಾಗ್ದಾನ ಮಾಡುತ್ತಾನೆ. ಕ್ಯಾಪ್ಯುಲೆಟನು ರೋಮಿಯೋವಿಗೂ ಅಷ್ಟೇ ಬೆಲೆಬಾಳುವ ಪ್ರತಿಮೆಯನ್ನು ಮಾಡಿಸುವೆನೆನ್ನುತ್ತಾನೆ.

ಹಗೆ ತೀರಿತು, ಊರಿಗೆ ಶಾಂತಿ ಬಂದಿತು, ಇದು ಅಲ್ಪವಲ್ಲ. ಆದರೂ ಆ ಶಾಂತಿಯ ಮಾತುಗಳು ಮದುವೆಯ ನಿಶ್ಚಯದ ಮಾತುಗಳೇ ಎಂಬುದನ್ನು ಕವಿ ಮರೆಮಾಡಲಿಲ್ಲ. ಭಾನುವಾರ ಮಗಳ ಮದುವೆಯ ಮಾತು ಇಬ್ಬರು ಗಂಡಸರ ನಡುವೆ, ಅವಳಿಲ್ಲದಾಗ ನಡೆಯಿತು. ಕೊನೆಯ ದಿನವೂ ಅದು ಇಬ್ಬರು ಗಂಡಸರ ನಡುವೆಯೇ ನಡೆಯುತ್ತದೆ. ಈ ಸಲ ಮಗಳು ಅಲ್ಲಿಯೇ ಇದ್ದಾಳೆ, ಒಪ್ಪಿಗೆಯನ್ನು ಕೇಳುವಂತಿಲ್ಲ.